ಎರಡು ದೇಶಗಳ ಲೆಕ್ಕವನ್ನು ನಾನು ಒಂದು ಮಾಡಿಸಿದ್ದು

ಕೋವಿಡ್ ಮುಗಿದು ಕಾಲೇಜುಗಳು ಮೊದಲಿನಂತೆ ನಡೆಯತೊಡಗಿದ ಮರುವರ್ಷ ನಾನು ಮಂಗಳೂರಿನ ಒಂದು ಕಾಲೇಜಿನ ವಾಣಿಜ್ಯ ವಿಭಾಗಕ್ಕೆ ವಾರಕ್ಕೊಮ್ಮೆ ಹೋಗುತ್ತಿದ್ದೆ. ‘ಪ್ರಾಯೋಗಿಕ ಮಾರ್ಗದರ್ಶಕ’ ಎಂದು ನನ್ನನ್ನು ಕರೆದಿದ್ದರು. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಆಮೇಲೆ ನಿವೃತ್ತಿಯವರೆಗೂ ಪಣಂಬೂರಿನ ಒಂದು ಕ್ಲಿಯರಿಂಗ್ ಏಜೆನ್ಸಿಯಲ್ಲಿ ಗುಮಾಸ್ತನಾಗಿದ್ದೆ. ಹಡಗಿನಲ್ಲಿ ಬರುವ, ಹೋಗುವ ಸರಕಿನ ಕಾಗದಗಳನ್ನು ಕಸ್ಟಮ್ಸ್‌ನಲ್ಲಿ ಪಾಸು ಮಾಡಿಸಿಕೊಡುವುದು ಇಂಥ ಏಜೆನ್ಸಿಗಳ ಕೆಲಸ. ನನ್ನ ಪಾಲಿಗೆ ಹೆಚ್ಚಾಗಿ ಬಂದದ್ದು ಆಫ್ರಿಕದ ಕಚ್ಚಾ ಗೇರುಬೀಜ.

ನನ್ನನ್ನು ಕರೆದವರು ಉರ್ವದಲ್ಲಿ ನಮ್ಮ ಮನೆಯ ಹಿಂದಿನ ರಸ್ತೆಯಲ್ಲೇ ಇರುವ ಉಪನ್ಯಾಸಕಿ ಸುಮನಾ ಮೇಡಂ. ಬಿ.ಕಾಂ. ಕೊನೆಯ ವರ್ಷದ ಮಕ್ಕಳಿಗೆ ಅಂತರರಾಷ್ಟ್ರೀಯ ವ್ಯಾಪಾರದ ಬಗ್ಗೆ ಪ್ರಾಜೆಕ್ಟ್ ಇತ್ತು. ಯಾವ ದೇಶ ಯಾವ ದೇಶಕ್ಕೆ ಏನು ಕಳಿಸಿತು ಎಂಬ ಲೆಕ್ಕವನ್ನು ಇಂಟರ್ನೆಟ್ಟಿನಿಂದ ತೆಗೆದು, ಅದರಲ್ಲಿ ಕಂಡದ್ದನ್ನು ಬರೆಯಬೇಕು.

“ಐತಾಳ್ರೇ, ಡೇಟಾ ತೆಗೆಯಲಿಕ್ಕೆ ನಾನು ಕಲಿಸ್ತೇನೆ. ಆ ಅಂಕಿಗಳ ಹಿಂದೆ ಎಂತ ಉಂಟು ಅಂತ ನೀವು ಹೇಳಿಕೊಡಿ,” ಎಂದಿದ್ದರು ಮೇಡಂ. ನನ್ನಿಂದ ಅವರಿಗೆ ಬೇಕಾಗಿದ್ದುದು ಅಷ್ಟೇ.

ಮೊದಲ ದಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕೂತೆವು. ಲೋಕದ ದೇಶಗಳೆಲ್ಲ ತಮ್ಮ ಆಮದು, ರಫ್ತಿನ ಲೆಕ್ಕ ಒಪ್ಪಿಸುವ ಒಂದು ವೆಬ್‌ಸೈಟ್ ಉಂಟು. ಅದರಲ್ಲಿ ಪ್ರತಿ ಸರಕಿಗೂ ಎಚ್.ಎಸ್. ಕೋಡ್ ಎಂಬ ಸಂಖ್ಯೆ. ಸಿಪ್ಪೆ ಇರುವ ಗೇರುಬೀಜಕ್ಕೆ ಒಂದು, ಸಿಪ್ಪೆ ತೆಗೆದದ್ದಕ್ಕೆ ಇನ್ನೊಂದು. ನನಗೆ ಅವು ಬಾಯಿಪಾಠವಾಗಿದ್ದವು. ಪಟ್ಟಿ ನೋಡದೆ ನಾನು ಹೇಳಿದಾಗ ಮಕ್ಕಳು ತಲೆದೂಗಿದರು. ಆದರೆ ಪರದೆಯ ಮೇಲೆ ‘ರಿಪೋರ್ಟರ್’ ಎಂದು ಬಂದಾಗ ನಾನು, “ಇದರಲ್ಲಿ ಪೇಪರಿನವರಿಗೆ ಎಂತ ಕೆಲಸ?” ಎಂದುಬಿಟ್ಟೆ. ಲ್ಯಾಬಿಗೆ ಲ್ಯಾಬೇ ನಕ್ಕಿತು.

“ಪೇಪರಿನವರಲ್ಲ ಸರ್, ಲೆಕ್ಕ ಕೊಟ್ಟ ದೇಶ. ಪಾರ್ಟ್‌ನರ್ ಅಂದ್ರೆ ಆಚೆ ಕಡೆಯ ದೇಶ,” ಎಂದು ತಿದ್ದಿದವಳು ಸಫಾ. ಕಾಟಿಪಳ್ಳದ ಹುಡುಗಿ, ತಂದೆಗೆ ಅಲ್ಲಿ ದಿನಸಿ ಅಂಗಡಿ. ಅವಳು ಮಾತ್ರ ನಗದೆ ಹೇಳಿದ್ದಳು. ಆದರೂ ತಿದ್ದಿಸಿಕೊಂಡದ್ದು ನನ್ನೊಳಗೆ ಚುಚ್ಚುತ್ತಲೇ ಇತ್ತು. ಆ ವೆಬ್‌ಸೈಟನ್ನು ನಾನೇ ತೆರೆದು ನೋಡಲು ಬಾರದೆಂದು ಯಾರಿಗೂ ಹೇಳಲಿಲ್ಲ.

ಸಫಾ ಆರಿಸಿಕೊಂಡದ್ದು ಗೇರುಬೀಜವನ್ನೇ. ಪಣಂಬೂರಿನ ಒಂದು ರಫ್ತು ಕಂಪನಿ ಅವಳಿಗೆ ಟ್ರೈನಿಯಾಗಿ ಸೇರಲು ಹೇಳಿತ್ತು, ಫಲಿತಾಂಶ ಬಂದ ಕೂಡಲೇ ಅಂಕಪಟ್ಟಿ ತರಬೇಕೆಂಬ ಷರತ್ತಿನ ಮೇಲೆ. ಹಾಗಾಗಿ ಪ್ರಾಜೆಕ್ಟನ್ನು ಅವಳು ಜೀವ ತೇದು ಮಾಡಿದಳು. ವಿಷಯ ನನ್ನದಾದ್ದರಿಂದ ಅದನ್ನು ನೋಡಿಕೊಡುವ ಜವಾಬ್ದಾರಿ ನನಗೆ ಬಂತು.

ಒಂದು ದಿನ ಅವಳು ತನ್ನ ಕೋಷ್ಟಕವನ್ನು ತಂದು ತೋರಿಸಿದಳು. ಪಶ್ಚಿಮ ಆಫ್ರಿಕದ ಒಂದು ದೇಶ ‘ಭಾರತಕ್ಕೆ ಇಷ್ಟು ಡಾಲರಿನ ಬೀಜ ಕಳಿಸಿದೆವು’ ಎಂದದ್ದು ಒಂದು ಸಾಲು. ‘ಅಲ್ಲಿಂದ ಇಷ್ಟು ತರಿಸಿದೆವು’ ಎಂದು ಭಾರತ ಹೇಳಿದ್ದು ಇನ್ನೊಂದು. ಯಾವ ವರ್ಷವೂ ಎರಡಕ್ಕೂ ತಾಳೆಯಿಲ್ಲ. ವ್ಯತ್ಯಾಸಕ್ಕೆಂದೇ ಮೂರನೆಯ ಸಾಲು ಹಾಕಿದ್ದಳು.

ನಮ್ಮ ಕೆಲಸದಲ್ಲಿ ಟ್ಯಾಲಿ ಆಗದ ಕಾಗದ ಕೌಂಟರ್ ದಾಟುವುದಿಲ್ಲ. ಇನ್‌ವಾಯ್ಸಿನಲ್ಲಿ ಒಂದು ತೂಕ, ಪ್ಯಾಕಿಂಗ್ ಲಿಸ್ಟಿನಲ್ಲಿ ಇನ್ನೊಂದು ಇದ್ದರೆ ಕಂಟೇನರ್ ಬಂದರಿನಲ್ಲೇ ಕೊಳೆಯುತ್ತದೆ. ಟ್ಯಾಲಿ ಮಾಡಿಯೇ ನನ್ನ ತಲೆ ಹಣ್ಣಾಗಿತ್ತು. ಆ ಮೂರನೆಯ ಸಾಲು ಕಂಡದ್ದೇ ನನ್ನ ಕೈ ಪೆನ್ನಿಗೆ ಹೋಯಿತು.

“ಎಂತ ಮಾರಾಯ್ತಿ ಇದು? ಒಂದೇ ಮಾಲಿಗೆ ಎರಡೆರಡು ಲೆಕ್ಕವಾ?”

“ವೆಬ್‌ಸೈಟಲ್ಲಿ ಹೀಗೇ ಉಂಟು ಸರ್. ನಾನು ತಿರುಗಿ ತಿರುಗಿ ನೋಡಿದ್ದೇನೆ.”

“ವೆಬ್‌ಸೈಟು ಕಸ್ಟಮ್ಸ್ ಮಾಡ್ತದಾ? ನಮ್ಮ ದೇಶದ ಲೆಕ್ಕ ಪಾಸಾದ ಲೆಕ್ಕ. ಅದನ್ನೇ ಎರಡೂ ಕಡೆ ಹಾಕು. ಈ ಮೂರನೇ ಸಾಲು ತೆಗೆದುಬಿಡು.”

“ಹಾಗೆ ಹಾಕಬಹುದಾ ಸರ್?”

“ನಿನ್ನ ಅಪ್ಪ ಅಂಗಡಿಗೆ ಕೂರುವ ಮೊದಲಿನಿಂದ ನಾನು ಗೇರುಬೀಜ ನೋಡಿದವ,” ಎಂದೆ. ಪಕ್ಕದ ಮಕ್ಕಳೂ ಕೇಳುವಂತೆ ಹೇಳಿದೆ. ಅವಳು ಕೋಷ್ಟಕವನ್ನು ನಾನು ಹೇಳಿದ ಹಾಗೆಯೇ ತಿದ್ದಿದಳು. ಮೊದಲ ದಿನ ನಕ್ಕವರ ಎದುರು ಗೆದ್ದ ಹಾಗಾಯಿತು ನನಗೆ.

ಮೌಖಿಕ ಪರೀಕ್ಷೆಯ ದಿನ ಮೇಡಂ ನನ್ನನ್ನೂ ಕೂರಿಸಿಕೊಂಡರು. ಬೇರೆ ಕಾಲೇಜಿನಿಂದ ಬಂದ ಪರೀಕ್ಷಕರು ಸಫಾಳ ಕೋಷ್ಟಕ ನೋಡಿದವರೇ ಅದೇ ವೆಬ್‌ಸೈಟನ್ನು ತಮ್ಮ ಲ್ಯಾಪ್‌ಟಾಪಿನಲ್ಲಿ ತೆರೆದರು.

“ಇಲ್ಲಿ ಬೇರೆಯೇ ಅಂಕಿ ಉಂಟಲ್ಲಮ್ಮ. ಎರಡು ದೇಶದ ಲೆಕ್ಕ ಕೊನೆಯ ಅಂಕಿಯವರೆಗೆ ಒಂದೇ ಬರ್ಲಿಕ್ಕೆ ಸಾಧ್ಯವೇ ಇಲ್ಲ. ಯಾರು ಹೇಳಿದ್ದು ನಿನಗೆ ಹೀಗೆ ಹಾಕಲಿಕ್ಕೆ?”

ಸಫಾ ನನ್ನ ಕಡೆ ತಿರುಗಲೂ ಇಲ್ಲ. “ನಾನೇ ಹಾಕಿದ್ದು ಸರ್,” ಎಂದಳು.

ನಾನು ಬಾಯಿ ಬಿಡಲಿಲ್ಲ. ಪರೀಕ್ಷಕರು ‘ಅಂಕಿಅಂಶ ಸೃಷ್ಟಿಸಲಾಗಿದೆ’ ಎಂದು ಬರೆದು ಅವಳ ಪ್ರಾಜೆಕ್ಟನ್ನು ಬದಿಗಿಟ್ಟರು. ಕಾಲೇಜಿನ ಸಮಿತಿ ವಿಚಾರಣೆ ಮಾಡುವವರೆಗೆ ಅವಳ ಫಲಿತಾಂಶ ಇಲ್ಲ ಎಂದಾಯಿತು.

ಇಷ್ಟಕ್ಕೇ ನಿಂತಿದ್ದರೆ ಹೆದರಿದೆ ಎಂದಾದರೂ ಹೇಳಿಕೊಳ್ಳಬಹುದಿತ್ತು. ಆದರೆ ಸಂಜೆ ಮೇಡಂ ಫೋನು ಮಾಡಿ, “ನೀವು ನೋಡಿಕೊಟ್ಟದ್ದಲ್ವಾ ಐತಾಳ್ರೇ? ಅವಳು ಹೀಗೆ ಮಾಡುವವಳಲ್ಲ,” ಎಂದು ಕೇಳಿದಾಗ ನಾನು, “ಆಮೇಲೆ ಬದಲಾಯಿಸಿರ್ಬೇಕು ಮೇಡಂ. ಈಗಿನ ಮಕ್ಕಳಿಗೆ ಎಲ್ಲ ಬೇಗ ಆಗಬೇಕು,” ಎಂದೆ. ಯಾರೂ ಬಲವಂತ ಮಾಡಿರಲಿಲ್ಲ. ಸುಳ್ಳು ಬಹಳ ಸುಲಭವಾಗಿ ಬಂತು.

ಮುಂದಿನ ಭಾನುವಾರ ಉರ್ವ ಮಾರ್ಕೆಟಿನಲ್ಲಿ ತರಕಾರಿ ಕೊಳ್ಳುತ್ತಿದ್ದಾಗ ಸಫಾ ಎದುರು ಬಂದಳು. ನಮ್ಮ ಮನೆಗೆ ಹೋಗಿ, ನಾನಿಲ್ಲವೆಂದು ತಿಳಿದು ಹುಡುಕಿಕೊಂಡು ಬಂದದ್ದಂತೆ. ಬೈಯುತ್ತಾಳೆ ಎಂದುಕೊಂಡು ಚೀಲವನ್ನು ಗಟ್ಟಿಯಾಗಿ ಹಿಡಿದೆ.

“ಒಂದು ಕೇಳ್ಲಿಕ್ಕಿತ್ತು ಸರ್. ನಾಡಿದ್ದು ಸಮಿತಿ ಉಂಟು. ಆ ಎರಡು ಲೆಕ್ಕ ಬೇರೆ ಬೇರೆ ಯಾಕೆ ಬರ್ತದೆ ಅಂತ ಅವರು ಕೇಳಿದ್ರೆ ಎಂತ ಹೇಳುವುದು?”

ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಆದರೆ ಬಾಯಿ ತೆರೆದಾಗ ಉತ್ತರವೆಲ್ಲ ಅಲ್ಲೇ ಇತ್ತು. ಅಲ್ಲಿ ಡಿಸೆಂಬರಿನಲ್ಲಿ ಹಡಗು ಹತ್ತಿದ ಬೀಜ ಇಲ್ಲಿ ಇಳಿಯುವಾಗ ಹೊಸ ವರ್ಷವಾಗಿರುತ್ತದೆ. ಅವರು ಬರೆಯುವುದು ತಮ್ಮ ಬಂದರಿನ ಬೆಲೆ, ನಾವು ಬರೆಯುವುದು ಹಡಗಿನ ಬಾಡಿಗೆ, ವಿಮೆ ಸೇರಿದ ಬೆಲೆ. ಒಂದು ದೇಶದಲ್ಲಿ ಬೆಳೆದ ಬೀಜ ಲಾರಿಯಲ್ಲಿ ಗಡಿ ದಾಟಿ ಪಕ್ಕದ ದೇಶದ ಬಂದರಿನಿಂದ ಹೊರಡುವುದೂ ಇದೆ. ಆಗ ನಾವು ಒಂದು ದೇಶದ ಹೆಸರಿನಲ್ಲಿ ಬರೆದರೆ ಅವರ ಕಡೆ ಇನ್ನೊಂದರ ಹೆಸರಿನಲ್ಲಿರುತ್ತದೆ. ಅಂಥ ಕಾಗದಗಳು ನನ್ನ ಕೈಯಿಂದಲೇ ಎಷ್ಟೋ ದಾಟಿದ್ದವು.

ಸಫಾ ಎಲ್ಲವನ್ನೂ ಮೊಬೈಲಿನಲ್ಲಿ ಬರೆದುಕೊಂಡಳು. ಆಮೇಲೆ ತಲೆಯೆತ್ತಿ, “ಇಷ್ಟೆಲ್ಲ ಗೊತ್ತಿತ್ತಲ್ಲ ನಿಮಗೆ. ಮತ್ತೆ ಯಾಕೆ ಸರ್ ತೆಗೀಲಿಕ್ಕೆ ಹೇಳಿದ್ದು?” ಎಂದಳು. ಕೋಪದಿಂದಲ್ಲ, ನಿಜವಾಗಿಯೂ ತಿಳಿಯದೆ ಕೇಳಿದಳು.

ಸಮಿತಿಯ ದಿನ ಯಾರೂ ಕರೆಯದಿದ್ದರೂ ನಾನು ಹೋದೆ. ಅಂಕಿ ಬದಲಾಯಿಸಲು ಹೇಳಿದವ ನಾನು, ಮೇಡಂಗೆ ಸುಳ್ಳು ಹೇಳಿದವನೂ ನಾನೇ ಎಂದು ಎಲ್ಲರ ಎದುರು ಹೇಳಿದೆ. ಪ್ರಿನ್ಸಿಪಾಲರು, “ಇದನ್ನು ಬರೆದುಕೊಡ್ತೀರಾ?” ಎಂದರು. ಬರೆದುಕೊಟ್ಟೆ. ಸುಮನಾ ಮೇಡಂ ನನ್ನನ್ನು ನೋಡಿ, “ನಾನು ಅವಳ ಮೇಲೆ ಸಂಶಯಪಟ್ಟೆ ಐತಾಳ್ರೇ. ನಿಮ್ಮ ಮಾತು ನಂಬಿ,” ಎಂದರು. ಅದಕ್ಕಿಂತ ಹೆಚ್ಚಿನ ಶಿಕ್ಷೆ ಅವರು ಕೊಡಬೇಕಾಗಿರಲಿಲ್ಲ.

ಸಫಾಳಿಗೆ ಮೂಲ ಕೋಷ್ಟಕವನ್ನೇ ಇಟ್ಟು ಮತ್ತೆ ಸಲ್ಲಿಸಲು ಅವಕಾಶ ಸಿಕ್ಕಿತು. ವ್ಯತ್ಯಾಸದ ಆ ಮೂರನೆಯ ಸಾಲಿನ ಮೇಲೆಯೇ ಅವಳು ಪ್ರಾಜೆಕ್ಟನ್ನು ಬರೆದಳು, ಒಳ್ಳೆಯ ಅಂಕ ಬಂತು. ಆದರೆ ಅಂಕಪಟ್ಟಿ ಕೈಗೆ ಬರುವಾಗ ರಫ್ತು ಕಂಪನಿಯವರು ಬೇರೆಯವರನ್ನು ತೆಗೆದುಕೊಂಡಾಗಿತ್ತು. ನನ್ನ ಹಳೆಯ ಏಜೆನ್ಸಿಯಲ್ಲಿ ಮಾತಾಡುತ್ತೇನೆ ಎಂದು ಫೋನು ಮಾಡಿದೆ. “ಬೇಡ ಸರ್, ನಾನೇ ನೋಡ್ತೇನೆ,” ಎಂದಳು. ಮರ್ಯಾದೆಯಿಂದಲೇ ಹೇಳಿದಳು. ಮತ್ತೆ ಒತ್ತಾಯಿಸುವ ಹಕ್ಕು ನನಗಿರಲಿಲ್ಲ.

ಕಾಲೇಜಿನವರು ಮತ್ತೆ ಕರೆಯಲಿಲ್ಲ, ಅದು ಸರಿಯೇ. ಕಲಿಸಲು ಹೋಗಿ ನಾನು ಕಲಿತದ್ದು ಇಷ್ಟು: ಎರಡು ಲೆಕ್ಕ ಸೇರದಿದ್ದಾಗ ಯಾಕೆ ಎಂದು ಮೊದಲು ಕೇಳಬೇಕು. ಗುಮಾಸ್ತಿಕೆಯಲ್ಲಿ ನಾನು ಅದನ್ನು ಕೇಳದೆಯೇ ಆಯುಷ್ಯ ಕಳೆದೆ. ಅದಕ್ಕೆ ನನ್ನ ಓದು ಸಾಲದು ಎಂದು ಯಾರಾದರೂ ಕ್ಷಮಿಸಬಹುದು. ಆದರೆ ಇಪ್ಪತ್ತರ ಹುಡುಗಿಯೊಬ್ಬಳು “ನಾನೇ ಹಾಕಿದ್ದು” ಎಂದಾಗ ಎದ್ದು ನಿಂತು “ಅಲ್ಲ” ಎನ್ನಲು ಯಾವ ಓದೂ ಬೇಕಿರಲಿಲ್ಲ.