ಡ್ರೈವರಣ್ಣನ ಮೆಂತ್ಯದ ಮಜ್ಜಿಗೆ

ಹೋದ ತಿಂಗಳು ಸ್ಟಾಫ್ ರೂಮಿನಲ್ಲಿ, ಹೊಸದಾಗಿ ಸೇರಿದ ಕನ್ನಡ ಟೀಚರ್ ಹುಡುಗಿ ಬಾಟಲಿಯ ಮುಚ್ಚಳ ತೆಗೆದಳು. ನೆನೆಸಿದ ಮೆಂತ್ಯ, ಹುಳಿ ಮಜ್ಜಿಗೆ. ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ನಮ್ಮ ಡ್ರೈವರಣ್ಣ ನೆನಪಾದರು…

ತೊಂಬತ್ತರ ದಶಕದ ಕೊನೆ. ಚನ್ನರಾಯಪಟ್ಟಣದಿಂದ ಬಾಗೂರಿಗೆ ಬೆಳಗಿನ ಪ್ರೈವೇಟ್ ಬಸ್ಸು ಓಡಿಸುತ್ತಿದ್ದವರು ಅವರು. ನಾನು ಬಾಗೂರಿನ ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಆಗಷ್ಟೇ ಸೇರಿದ್ದೆ. ಅವರಿಗೆ ಮೂವತ್ತಮೂರೋ ಮೂವತ್ತನಾಲ್ಕೋ ಇರಬೇಕು. ಗಟ್ಟಿ ಆಳು, ಬಾಯಿ ಮಾತ್ರ ಬೆಲ್ಲ. ನಾನೋ ಮಹಾ ಸೋಮಾರಿ, ದಿನಾ ಎರಡು ನಿಮಿಷ ತಡ. ಜನ ಗೊಣಗಿದರೆ, "ತಡೀರ್ಲಾ, ಟೀಚರಮ್ಮ ಬರ್ಲಿ. ಅವ್ರನ್ನ ಬುಟ್ಟೋದ್ರೆ ನಿಮ್ ಮಕ್ಳಿಗೆ ಪಾಠ ನಾನೇಳ್ಕೊಡ್ಲಾ?" ಅನ್ನೋರು. ಬಾನೆಟ್ ಪಕ್ಕದ ಸೀಟು ನನಗೆ ಕಾಯಂ.

ಒಂದು ದಿನ ಅರ್ಧ ದಾರಿಯಲ್ಲಿ ಬಸ್ ನಿಲ್ಲಿಸಿ ತೆಂಗಿನ ತೋಟದೊಳಕ್ಕೆ ಓಡಿದರು. ಮರುವಾರ ಮತ್ತೆ ಹಾಗೇ ಆಯಿತು. ಬೆವರಿಕೊಂಡು ಬಂದವರನ್ನು ಏನಾಯ್ತಣ್ಣ ಅಂತ ಕೇಳಿದೆ. ಪಾಪ, ಹೆಣ್ಣುಮಗಳ ಎದುರು ಹೇಳಲು ನಾಚಿಕೆ. ಗೇರಿನ ಮೇಲೆ ಕಣ್ಣು ನೆಟ್ಟು, "ಎರಡಕ್ಕೆ ಕೂತ್ರೆ ರಕ್ತ ಬತ್ತದೆ ಕಣ್ರಮ್ಮ. ಇಂಜಿನ್ ಕಾವು. ಡ್ರೈವರ್ ಆದ್ಮೇಕೆ ಮೂಲವ್ಯಾಧಿ ಇದ್ದುದ್ದೇಯ," ಅಂದರು.

ನಾನೂ ಹೌದೌದು ಅಂದೆ! ನಮ್ಮ ಕಡೆ ಕಣ್ಣು ಉರಿದರೂ ಉಷ್ಣ, ಬಾಯಿ ಹುಣ್ಣಾದರೂ ಉಷ್ಣ, ರಕ್ತ ಬಿದ್ದರೂ ಉಷ್ಣ. ಹಗಲೆಲ್ಲ ಇಂಜಿನ್ ಪಕ್ಕ ಕೂರುವವರಿಗೆ ಕೇಳಬೇಕೆ? ಮಾರನೆಯ ದಿನದಿಂದ ನಾನೇ ಮೆಂತ್ಯ ನೆನೆಸಿ, ಮಜ್ಜಿಗೆಗೆ ಹಾಕಿ, ಬಾಟಲಿ ತಂದುಕೊಟ್ಟೆ. "ತಂಪಾಯ್ತು ಕಣ್ರಮ್ಮ" ಅಂದಾಗ ನನಗೆ ಎಷ್ಟು ಹಿಗ್ಗು! ಅದೇ ತಿಂಗಳು ಬೋರ್ಡಿನ ಮೇಲೆ ದೊಡ್ಡ ಕರುಳಿನ ಚಿತ್ರ ಬಿಡಿಸಿ ಪಾಠ ಮಾಡಿದವಳು ನಾನು. ಥೂ, ನನ್ನ ಓದಿಗಿಷ್ಟು ಬೆಂಕಿ ಹಾಕ.

ಎಂಟು ತಿಂಗಳು ಹೀಗೇ ನಡೆಯಿತು… ಖಾಕಿ ಅಂಗಿ ದೊಗಲೆಯಾಯಿತು. ಬೆಲ್ಟಿಗೆ ಹೊಸ ತೂತು ಹೊಡೆದುಕೊಂಡು, "ಈಗ ನೋಡಿ, ಈರೋ ತರ ಕಾಣ್ತೀನಿ" ಎಂದು ಬಸ್ಸನ್ನೆಲ್ಲ ನಗಿಸಿದರು. ಹಾಸನಕ್ಕೆ ಹೋಗಿ ತೋರಿಸಿಕೊಳ್ಳಿ ಅಂತ ಒಂದೇ ಒಂದು ಸಲ ಹೇಳಿದೆ. "ಡಾಕ್ಟ್ರ ಮುಂದೆ ಬಗ್ಗಿ ನಿಂತ್ಕಳಾದಾ? ಮಾನ ಓಯ್ತದೆ, ಬುಡಿ," ಅಂದರು. ಬಿಟ್ಟೆ. ಬಿಡಬಾರದಿತ್ತು.

ಕೊನೆಗೊಂದು ಬೆಳಿಗ್ಗೆ ಕಣ್ಣು ಕತ್ತಲೆ ಬಂದು, ಬಸ್ಸನ್ನು ಹೇಗೋ ರಸ್ತೆ ಪಕ್ಕಕ್ಕೆ ತಂದು ನಿಲ್ಲಿಸಿ, ಸ್ಟೇರಿಂಗ್ ಮೇಲೆ ಒರಗಿಬಿಟ್ಟರು. ನಮಗ್ಯಾರಿಗೂ ಒಂದು ತರಚು ಗಾಯವಿಲ್ಲ. ಹಾಸನದಲ್ಲಿ ಕೊಳವೆ ಬಿಟ್ಟು ನೋಡಿದರು. ಕರುಳಿನ ಕ್ಯಾನ್ಸರ್, ಲಿವರಿಗೂ ಹರಡಿತ್ತು. ನೋಡಲು ಹೋದಾಗ ನನ್ನ ಬರಿಗೈ ನೋಡಿ, "ಮಜ್ಜಿಗೆ ತರ್ನಿಲ್ವಾ ಟೀಚರಮ್ಮ?" ಅಂದರು. ಗೋಡೆಯ ಕಡೆ ತಿರುಗಿಕೊಂಡೆ. ಯುಗಾದಿಗೆ ಮೊದಲೇ ಹೋಗಿಬಿಟ್ಟರು… ಅವರ ಹೆಂಡತಿ ನನ್ನ ಬಾಟಲಿಗಳನ್ನೆಲ್ಲ ತೊಳೆದು, ಚೀಲಕ್ಕೆ ತುಂಬಿ ವಾಪಸು ಕೊಟ್ಟರು.

ಈ ಕನ್ನಡ ಟೀಚರ್ ಹುಡುಗಿಗೆ ಇಪ್ಪತ್ತೊಂಬತ್ತು. ಯಾಕೆ ಮೆಂತ್ಯ ಅಂತ ಕೇಳಿದರೆ, "ಉಷ್ಣ ಅಷ್ಟೆ ಮಿಸ್. ಎರಡು ತಿಂಗಳಿಂದ ಒಂಚೂರು ರಕ್ತ," ಅಂದಳು. ಬಾಟಲಿ ಕಿತ್ತುಕೊಂಡು ಸಿಂಕಿಗೆ ಸುರಿದೆ. ನಾಚಿಕೆ ಗೀಚಿಕೆ ಅಂದರೆ ಕಪಾಳಕ್ಕೆ ಬಿಡ್ತೀನಿ ಎಂದು ಗದರಿ, ಹಾಸನದ ಬಸ್ಸು ಹತ್ತಿಸಿ ಜೊತೆಗೇ ಹೋದೆ. ಕರುಳಿನಲ್ಲಿ ಸಣ್ಣದೊಂದು ಗಂಟಿತ್ತು, ತೆಗೆದರು. ಪರೀಕ್ಷೆಯ ರಿಪೋರ್ಟ್ ನೋಡಿ ಡಾಕ್ಟರು, "ಬೇಗ ಬಂದ್ರಿ, ಒಳ್ಳೇದಾಯ್ತು," ಅಂದರು.

ಹೊರಗೆ ಬೆಂಚಿನ ಮೇಲೆ ಕೂತು ಗಳಗಳ ಅತ್ತುಬಿಟ್ಟೆ. ತನಗಾಗಿ ಅಳುತ್ತಿದ್ದೇನೆ ಅಂದುಕೊಂಡು ಹುಡುಗಿ ನನ್ನ ಬೆನ್ನು ಸವರಿದಳು. ಚನ್ನರಾಯಪಟ್ಟಣದಿಂದ ಹಾಸನ ಒಂದು ಗಂಟೆಯ ದಾರಿ. ನನಗಾಗಿ ದಿನಾ ಬಸ್ಸು ನಿಲ್ಲಿಸಿದ ಮನುಷ್ಯನನ್ನು ಒಂದು ದಿನವೂ ನಾನು ಹಾಸನದ ಬಸ್ಸು ಹತ್ತಿಸಲಿಲ್ಲ.