ಆಕಾಶದ ಸೀಟಿ ಮತ್ತು ನನ್ನ ಸಕ್ಕರಿ ಪುಡಿ

ಸೀಟಿ ಎಂಬುದೊಂದು ವಿಚಿತ್ರ ನಾದ. ಸಂಗೀತಕ್ಕೆ ತಲೆದೂಗಲು ಸಂಸ್ಕಾರ ಬೇಕು, ಭಾಷಣಕ್ಕೆ ತಲೆದೂಗಲು ಸಂಕೋಚ ಸಾಕು. ಸೀಟಿಗೆ ಮಾತ್ರ ಎಂಥ ಘನಗಂಭೀರ ಮನುಷ್ಯನೂ ಕತ್ತು ಹೊರಳಿಸಿಯೇ ತೀರುತ್ತಾನೆ. ನಮ್ಮ ಇಂಡಿ, ಸಿಂದಗಿ ಸೀಮೆಯ ಅಜ್ಜಿಯರು ಮನೆಯೊಳಗೆ ಸೀಟಿ ಹೊಡೆದರೆ ಹಾವು ಬರುತ್ತದೆಂದು ಗದರುತ್ತಿದ್ದರು. ನನಗೆ ಹಾವೇನೂ ಬರಲಿಲ್ಲ. ಸೀಟಿಯ ದೆಸೆಯಿಂದ ಗಟ್ಟಿಯಾಗಿದ್ದ ಹೆಣ್ಣೇ ಕೈತಪ್ಪುವುದರಲ್ಲಿತ್ತು.

ಎಪ್ಪತ್ತರ ದಶಕದ ಮಾತು. ಮುದ್ದೇಬಿಹಾಳದ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನದ ಮಾಸ್ತರ. ಹಳೆಯ ಮಾಸಪತ್ರಿಕೆಯೊಂದರಲ್ಲಿ ಓದಿದೆ: ಭೂಮಿಯೊಂದು ದೊಡ್ಡ ಅಯಸ್ಕಾಂತ, ಅದರ ಕಾಂತರೇಖೆಗಳು ದಕ್ಷಿಣದಲ್ಲೆದ್ದು, ಆಕಾಶದಲ್ಲಿ ಕಮಾನು ಕಟ್ಟಿ ಉತ್ತರದಲ್ಲಿಳಿಯುತ್ತವೆ. ಎಲ್ಲಿಯೋ ಮಿಂಚು ಹೊಡೆದರೆ ಅದರ ರೇಡಿಯೋ ಅಲೆಯ ಒಂದಿಷ್ಟು ಪಾಲು ವಾಯುಮಂಡಲದ ಮೇಲಂತಸ್ತನ್ನು ದಾಟಿ, ಅಲ್ಲಿರುವ ವಿದ್ಯುತ್ಕಣಗಳ ಪ್ಲಾಸ್ಮಾದೊಳಗೆ ನುಗ್ಗಿ, ಆ ಕಮಾನನ್ನೇ ಹಿಡಿದು ಭೂಮಿಯ ಇನ್ನೊಂದು ಮಗ್ಗುಲಿಗೆ ಇಳಿಯುತ್ತದೆ. ದಾರಿಯಲ್ಲಿ ಸಿಕ್ಕ ಎಲೆಕ್ಟ್ರಾನುಗಳನ್ನು, ಬಾರಿಹಣ್ಣಿನ ಗಿಡ ಅಲುಗಿಸಿದಂತೆ ಅಲುಗಿಸಿ, ಒಂದಷ್ಟನ್ನು ಕೆಳಗಿನ ಗಾಳಿಗೆ ಉದುರಿಸುವುದೂ ಉಂಟು. ಎತ್ತರದ ಸ್ವರ ಮೊದಲು, ತಗ್ಗಿನದು ಆಮೇಲೆ ತಲುಪುವುದರಿಂದ ನಮ್ಮ ಕಿವಿಗೆ ಅದು ಮೇಲಿಂದ ಜಾರುವ ಸೀಟಿ. ಕೇಳಲು ಉದ್ದನೆಯ ತಂತಿ, ಒಂದು ಆಂಪ್ಲಿಫಾಯರ್ ಸಾಕು. ಕಾಂತೀಯ ವಿಷುವದ್ರೇಖೆಗೆ ಹತ್ತಿರವಿರುವ ನಮ್ಮಂಥ ಸೀಮೆಗಳಲ್ಲಿ ಇದು ತೀರ ಅಪರೂಪವೆಂದು ಮುಂದಿನ ಪುಟದಲ್ಲಿತ್ತು. ಆ ಪುಟ ತಿರುವಿದ್ದು ಎಲ್ಲ ಮುಗಿದ ಮೇಲೆ. ಉತ್ಸಾಹಿಗಳು ಯಾವತ್ತೂ ಒಂದು ಪುಟ ಹಿಂದೆಯೇ ಇರುತ್ತಾರೆ.

ಆಂಪ್ಲಿಫಾಯರ್ ಇದ್ದದ್ದು ಲಗ್ನಗಳಿಗೆ ಮೈಕು ಹಚ್ಚುವ ಲಾಲಸಾಬನಲ್ಲಿ. ಅದೂ ಬ್ಯಾಟರಿಯ ಮೇಲೆ ನಡೆಯುವಂಥದು. ಸುಗ್ಗಿ ಕಳೆದ ಲಗ್ನಸರಾಯಿಯಲ್ಲಿ ಅವನು ನನ್ನ ಕೈಗೆ ಸಿಗುವುದು, ಮೈಕು ಹಚ್ಚಲು ಬರುವ ನನ್ನದೇ ಸಕ್ಕರಿ ಪುಡಿಯ, ಅಂದರೆ ಮದುವೆ ನಿಶ್ಚಯದ, ದಿನ ಮಾತ್ರ. ಹೆಣ್ಣಿನ ಮನೆ ದೇವಣಗಾಂವ. ಅಂಗಳದ ಬೇವಿನ ಮರದಿಂದ ಹಿತ್ತಲ ಜೋಳದ ಕಣಿಕಿ ಬಣವಿಯವರೆಗೆ ತಂತಿ ಎಳೆಸಿದೆ. ಅರ್ಥಿಂಗಿಗೆಂದು ನೆಲಕ್ಕೆ ಕಬ್ಬಿಣದ ಸಲಾಕಿ ಹೂಳಿ, ಬುಡಕ್ಕೆ ಒಂದು ಕೊಡ ನೀರು ಹಾಕಿರೆಂದೆ. ಹೆಣ್ಣುಮಕ್ಕಳು ನೀರು ಹಾಕಿದರು. ಗಂಡಿನ ಕಡೆಯ ದೇವರಿರಬೇಕೆಂದು ತಿಳಿದು ಅರಿಶಿನ ಕುಂಕುಮವನ್ನೂ ಹಚ್ಚಿ, ಎರಡು ಊದಿನಕಡ್ಡಿ ಸಿಗಿಸಿ ಹೋದರು. ತಡೆಯುವ ಧೈರ್ಯ ನನಗಾಗಲಿಲ್ಲ.

ಸಕ್ಕರೆ ಹಂಚುವತನಕ ಗಂಡು ಗಾದಿ ಬಿಟ್ಟು ಏಳಕೂಡದೆಂಬುದು ಆ ಮನೆಯ ಪದ್ಧತಿ. ಸಂಜೆ ನಾಲ್ಕರ ಸುಮಾರಿಗೆ ದಕ್ಷಿಣದಲ್ಲಿ ಮೋಡ ಕವಿದು ಫಳಕ್ಕನೆ ಮಿಂಚಿತು. ನಾನು ಎದ್ದೆ! ಭಟ್ಟರ ಮಂತ್ರ ಬಾಯಲ್ಲೇ ನಿಂತಿತು. ಲಾಲಸಾಬ ಹಚ್ಚಿದ್ದ ಹಾಡು ನಿಲ್ಲಿಸಿ, ತಂತಿ ಜೋಡಿಸಿ, ಮರದ ಮೇಲೆ ಕಟ್ಟಿದ್ದ ಮೈಕಿನ ಕರ್ಣದತ್ತ ಕಿವಿಗೊಟ್ಟು ಕುಳಿತೆ. ಒಗ್ಗರಣೆಯ ಸಾಸಿವೆಯಂತೆ ಚಟಪಟ ಸದ್ದು, ನಡುನಡುವೆ ಗೊರಗೊರ. ಸೀಟಿಯಿಲ್ಲ. ಈಗ ಬಂದೀತು, ಇನ್ನೊಂದು ಮಿಂಚಿಗೆ ಬಂದೀತು ಎನ್ನುವುದರಲ್ಲಿ ತಾಸು ಕಳೆಯಿತು.

"ಮಾಸ್ತರ್ರ, ನಿಮ್ಮ ಆಕಾಶಕ್ಕ ನೆಗಡಿ ಆಗೇತ್ರಿ," ಎಂದ ಲಾಲಸಾಬ.

ಜನ ನಕ್ಕರು. ನಗದವರು ಸಂಗಪ್ಪ ಒಬ್ಬರೇ. ಹೆಣ್ಣಿನ ಸೋದರಮಾಮ, ಆ ಮನೆಯಲ್ಲಿ ಅವರ ಮಾತೇ ಕಡೆಯ ಮಾತು. ತಲೆಯ ಪಟಗ ಸರಿಮಾಡಿಕೊಂಡು ಎದ್ದು ನಿಂತರು. "ಹೆಣ್ಣು ಎದುರಿಗಿಟ್ಕೊಂಡು ಮುಗಿಲಿಗೆ ಕಿವಿ ಕೊಡಾಂವಗ ನಮ್ಮ ನೀಲಾನ್ನ ಕೊಡಂಗಿಲ್ಲ. ಸಕ್ಕರಿ ಒಳಗ ಇಡ್ರಿ."

ನನ್ನ ಅಪ್ಪ ತಲೆಯ ಮೇಲೆ ಕೈಹೊತ್ತು ಕುಳಿತರು. ಸುಳ್ಳೇಕೆ, ಹೆಣ್ಣು ನೋಡಲು ಬಂದ ದಿನದಿಂದ ನೀಲಾ ನನ್ನ ಮನಸ್ಸಿನಲ್ಲಿ ಕುಳಿತುಬಿಟ್ಟಿದ್ದಳು. ಅವಳಿಲ್ಲದೆ ಮುದ್ದೇಬಿಹಾಳದ ಬಸ್ಸು ಹತ್ತುವುದು ನನ್ನಿಂದಾಗದ ಮಾತು. ಕೈಮುಗಿದು ತಪ್ಪಾಯಿತೆನ್ನುವುದು ಬಿಟ್ಟು, ಮಾಸ್ತರಿಕೆಯ ಚಾಳಿ ನೋಡಿ, ಕಾಂತರೇಖೆಗಳ ಕಮಾನನ್ನು ಎರಡೂ ಕೈಯಿಂದ ಬರೆದು ತೋರಿಸತೊಡಗಿದೆ. ಸಂಗಪ್ಪನವರ ಮುಖ ಇನ್ನಷ್ಟು ಕೆಂಪಾಯಿತು. ಒಳಗೆ ಸಕ್ಕರೆಯ ತಾಟು ಎತ್ತಿಟ್ಟ ಸದ್ದೂ ಕೇಳಿತು.

ಆಗ, ಕರೆಯುವತನಕ ಹೊರಗೆ ಬರಬಾರದ ಮದುಮಗಳು ತಲಬಾಗಿಲಿಗೆ ಬಂದು ನಿಂತಳು, ಕೈಯಲ್ಲಿ ಅದೇ ತಾಟು.

"ಮಾಮಾ, ಒಂದ್ ತಾಸಾತು, ಇವರು ತುಟಿ ಪಿಟಕ್ಕನ್ನದ ಕೇಳಕೋತ ಕುಂತಾರ. ಏನೂ ಕೇಳಸವಲ್ದು, ಆದ್ರೂ ಬ್ಯಾಸರ ಇಲ್ಲ. ನಮ್ಮವ್ವ ಮೂವತ್ತು ವರ್ಷ ಮಾತಾಡ್ಯಾಳ. ಇಷ್ಟು ಹೊತ್ತು ಕೇಳಿದ ಗಂಡಸು ಈ ಮನ್ಯಾಗ ಒಬ್ಬಾಂವ ಇದ್ರ ತೋರಸು. ಇವರನ್ನ ಬಿಟ್ಟು ನಾ ಯಾರನ್ನೂ ಒಲ್ಲೆ."

ಮೊದಲು ನಕ್ಕವರು ಅವಳ ಅವ್ವ. ಆಮೇಲೆ ಅಂಗಳದ ಹೆಂಗಸರೆಲ್ಲ ನಕ್ಕರು, ಸಂಗಪ್ಪನವರ ಹೆಂಡತಿ ಎಲ್ಲರಿಗಿಂತ ಜೋರಾಗಿ. ಸಂಗಪ್ಪ ಆ ಕಡೆಯೊಮ್ಮೆ ನೋಡಿದರು, ತಾಟಿಗೆ ಕೈಹಾಕಿ ಒಂದು ಮುಷ್ಟಿ ಸಕ್ಕರೆ ತೆಗೆದು ನನ್ನ ಬಾಯಿಗೆ ತುರುಕಿದರು. ಎಲೆಕ್ಟ್ರಾನುಗಳ ವಿಷಯ ಅಲ್ಲಿಗೇ ನಿಂತಿತು.