ಮೊಸಳೆಯ ಮೂತಿಯ ಮೇಲಿನ ಗೆರೆಗಳು

ಮೂವತ್ತು ವರ್ಷ ಸೇಡಂನಲ್ಲಿ ಭೂವಿಜ್ಞಾನ ಕಲಿಸಿದ ನನ್ನನ್ನು ಜನ ಕೇಳುತ್ತಿದ್ದದ್ದು ಒಂದೇ: ಮನೆಗೆ ಶಹಾಬಾದ ಫರ್ಸಿಕಲ್ಲು ಹಾಕಿಸಬೇಕೋ, ಟೈಲ್ಸೋ? ನಿವೃತ್ತಿಗೆ ಮುನ್ನ ಒಂದಾದರೂ ಹೊಸ ಜೀವಿಗೆ ಹೆಸರಿಡಬೇಕೆಂಬ ಹುಚ್ಚು ಹತ್ತಿದ್ದೇ ಆ ಸಿಟ್ಟಿಗೆ.

ಚಿಂಚೋಳಿ ಕಡೆಯ ಹೊಲವೊಂದರ ಬದುವಿನ ಮೇಲೆ ಅದು ಸಿಕ್ಕಿತು: ಎಂದೋ ಅಳಿದುಹೋದ, ಮೊಸಳೆಯ ದೂರದ ಬಂಧುವೊಂದರ ಮೂತಿ, ಕಲ್ಲಾಗಿಬಿಟ್ಟದ್ದು. ಮೂತಿಯ ಮೇಲೆ ಜೋಡಿ ಗೆರೆ. ಲೋಕದ ಯಾವ ಮೊಸಳೆಗೂ ಅವಿಲ್ಲ. ಅಲ್ಲಿ ವಾಸನೆ ಸೂಸುವ ಗ್ರಂಥಿ ಇತ್ತೆಂದು ನಾಲ್ಕು ಪುಟ ಗೀಚಿದೆ. ಇದು ಹೊಸ ಪ್ರಭೇದವೆಂಬ ನನ್ನ ವಾದವೆಲ್ಲ ಆ ಗೆರೆಗಳ ಮೇಲೆಯೇ ನಿಂತಿತ್ತು.

ಪ್ರಬಂಧ ಕಳಿಸುವ ಮುನ್ನ ಸಿಕ್ಕ ಜಾಗದಲ್ಲೇ ಇಟ್ಟು ಫೋಟೊ ತೆಗೆಯೋಣವೆಂದು ಕಲ್ಲು ಹೊತ್ತುಕೊಂಡು ಹೋದೆ. ತೊಗರಿ ಕೊಯ್ಯುತ್ತಿದ್ದ ಹೊಲದೊಡತಿ, ಎಪ್ಪತ್ತು ದಾಟಿದ ಅಜ್ಜಿ, ಬಂದು ನೋಡಿದರು.

“ಅಯ್ಯ, ಇದು ನಮ್ಮ ಕಲ್ಲಲ್ರಿ? ನೀವೇ ಒಯ್ದಿದ್ರೇನು? ಕುಡಗೋಲ ಮಸಿಲಿಕ್ಕ ಹುಡುಕಿ ಹುಡುಕಿ ಸಾಕಾಯ್ತು ನೋಡ್ರಿ.”

ಹೇಳಿ ಸುಮ್ಮನಾಗಲಿಲ್ಲ. ಕುಡುಗೋಲಿನ ಅಲಗನ್ನು ಗೆರೆಯಲ್ಲಿ ಇಟ್ಟು ತೋರಿಸಿದರು. ಹೇಳಿ ಮಾಡಿಸಿದಂತೆ ಕೂತಿತು. ನಾಲ್ಕು ಪುಟ ಹೋಯಿತು, ಪ್ರಭೇದವೂ ಹೋಯಿತು. ಅಳುವೇ ಬರಬೇಕಿತ್ತು, ನನಗೆ ಬಂದದ್ದು ಸಿಟ್ಟು.

“ಇದು ಮೊಸಳಿ ಬಾಯಿ ಅದರಿ. ಮಸೆಗಲ್ಲಲ್ಲ,” ಎಂದು ರೇಗಿದೆ.

ಅಜ್ಜಿ ಬೇಸರ ಮಾಡಿಕೊಳ್ಳಲಿಲ್ಲ. ಬಾಯಿ ಎಂದ ಮೇಲೆ ಹಲ್ಲು ನೋಡದೆ ಬಿಡುವವರಲ್ಲ ಅವರು. ಎತ್ತಿನ ಸಂತೆಯಲ್ಲಿ ಹಲ್ಲು ನೋಡಿ ವಯಸ್ಸು ಹೇಳಲು ಮನೆಯವರೆಲ್ಲ ಅವರನ್ನೇ ಮುಂದೆ ಮಾಡುತ್ತಿದ್ದರಂತೆ. ಕಲ್ಲು ಮಗುಚಿ ಹಿಂದಿನ ಹಲ್ಲುಗಳ ಮೇಲೆ ಹೆಬ್ಬೆರಳಾಡಿಸಿದರು. ಅವು ಸವೆದಿವೆ ಎಂದೆ; ಪ್ರಬಂಧದಲ್ಲೂ ಹಾಗೆಯೇ ಒಂದೇ ಮಾತಿನಲ್ಲಿ ಮುಗಿಸಿದ್ದೆ.

“ಸವದಿಲ್ರಿ ಸರ. ಇಲ್ಲಿ ಹೊಸಾ ಹಲ್ಲು ಈಗ ಹುಟ್ಟಲಿಕತ್ತದ, ಅದೂ ಚಪ್ಪಟನೇ ಅದ. ಇದರ ಹಲ್ಲೇ ಹಿಂಗ. ಖಂಡ ತಿನ್ನೂದಲ್ಲ, ಸೊಪ್ಪು ತಿನ್ನೂದು.”

ಭೂತಗನ್ನಡಿ ಹಿಡಿದು ನೋಡಿದೆ. ಅವರು ಹೇಳಿದ್ದು ಖರೆ. ಆ ಬಗೆಯ ಹಲ್ಲು ನನಗೆ ತಿಳಿದ ಯಾವ ಬಂಧುವಿಗೂ ಇರಲಿಲ್ಲ. ಹೋದ ಪ್ರಭೇದ ಹಲ್ಲಿನಲ್ಲಿ ಮರಳಿ ಸಿಕ್ಕಿತ್ತು. ಈ ಮೊಸಳೆಗೆ ನಿಮ್ಮ ಹೆಸರನ್ನೇ ಇಡುತ್ತೇನೆ ಎಂದೆ.

“ಬ್ಯಾಡ್ರಿ ಸರ. ಸೊಸಿ ಮೊದಲೇ ನನಗ ಮೊಸಳಿ ಅಂತಾಳ.”

ಕೊನೆಗೆ ಪಕ್ಕದ ಹಳ್ಳದ ಹೆಸರಿಟ್ಟೆ. ಆದರೆ ಹಲ್ಲು ಗುರುತಿಸಿದ್ದು ಯಾರೆಂದು ಪ್ರಬಂಧದ ಮೊದಲ ಪುಟದಲ್ಲೇ ಬರೆದೆ. ಮೂತಿ ನೋಡಿಯೇ ಮೈಮರೆತ ನಾನು ಅದರ ಬಾಯಿಯನ್ನು ಸರಿಯಾಗಿ ನೋಡಿಯೇ ಇರಲಿಲ್ಲ.